ಒಯಿಟಾದ ಮೇಷ್ಟರ ಡಿಕ್ಷನರಿ

ಪದದ ಅರ್ಥ ಬಾಯಿಪಾಠ. ಸ್ಪೆಲ್ಲಿಂಗ್ ಸರಿ. ಆದರೂ ವಾಕ್ಯ ತಪ್ಪು! ಇಂಗ್ಲಿಷ್ ಕಲಿಯುವ ಕೋಟ್ಯಂತರ ಮಕ್ಕಳ ಈ ಸಂಕಟಕ್ಕೆ ಮದ್ದು ಹುಡುಕಿದ್ದು ಜಪಾನಿನ ತರಗತಿಗಳಲ್ಲಿ. ಮಹಾಯುದ್ಧದ ನಡುವೆ ಟೋಕಿಯೊದಲ್ಲಿ ಅಚ್ಚಾದ ಒಂದು ನಿಘಂಟಿನ ಮೊಮ್ಮಕ್ಕಳು ನಮ್ಮ ಮನೆಯ ಕಪಾಟಿನಲ್ಲೂ ಇವೆ. ನಾವು ಅವನ್ನು ಅರ್ಧ ಮಾತ್ರ ಓದುತ್ತಿದ್ದೇವೆ.

ಜೂನ್ ತಿಂಗಳ ಮೊದಲ ವಾರಗಳಲ್ಲಿ ನಮ್ಮ ಯಾವ ಊರಿನ ಶಾಲೆಗೆ ಹೋದರೂ ಈ ದೃಶ್ಯ ಕಾಣುತ್ತದೆ. ಹೊರಗೆ ಮಳೆ ಹಿಡಿದಿದೆ. ಹೆಂಚಿನಿಂದ ಸುರಿಯುವ ನೀರಿನ ಸದ್ದಿಗೆ ಮೇಡಂ ಹೇಳಿದ್ದು ಹಿಂದಿನ ಬೆಂಚಿಗೆ ಕೇಳಿಸುತ್ತಿಲ್ಲ. ಅವರು ಬೋರ್ಡಿನ ಮೇಲೆ ಐದು ಪದ ಬರೆಯುತ್ತಾರೆ: ಸಜೆಸ್ಟ್, ಅಡ್ವೈಸ್, ಎಕ್ಸ್‌ಪ್ಲೇನ್, ಡಿಸ್ಕಸ್, ಎಂಟರ್. ಅದರ ಕೆಳಗೆ, ತಲೆಮಾರುಗಳಿಂದ ಬದಲಾಗದ ಆ ಪ್ರಶ್ನೆ: ಸ್ವಂತ ವಾಕ್ಯದಲ್ಲಿ ಬಳಸಿರಿ.

ಎಂಟನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್-ಕನ್ನಡ ನಿಘಂಟಿನ ಪುಟ ತಿರುವುತ್ತಾಳೆ. ಸಜೆಸ್ಟ್ ಎಂದರೆ ಸೂಚಿಸು, ಸಲಹೆ ಕೊಡು. ಮನಸ್ಸಿನಲ್ಲಿ ಕನ್ನಡ ವಾಕ್ಯ ಸಿದ್ಧವಾಗುತ್ತದೆ: ಅಪ್ಪ ನನಗೆ ಚೆನ್ನಾಗಿ ಓದಲು ಸೂಚಿಸಿದರು. ಅದೇ ಇಂಗ್ಲಿಷಿಗೆ ಇಳಿಯುತ್ತದೆ: 'ಮೈ ಫಾದರ್ ಸಜೆಸ್ಟೆಡ್ ಮಿ ಟು ಸ್ಟಡಿ ವೆಲ್.' ಪಕ್ಕದವಳು ಅಡ್ವೈಸ್ ಪದವನ್ನು ಎತ್ತಿಕೊಂಡಿದ್ದಾಳೆ: 'ಮೈ ಫಾದರ್ ಅಡ್ವೈಸ್ಡ್ ಮಿ ಟು ಸ್ಟಡಿ ವೆಲ್.' ಮೊದಲನೆಯದಕ್ಕೆ ಕೆಂಪು ಗೆರೆ. ಎರಡನೆಯದಕ್ಕೆ ರೈಟ್ ಮಾರ್ಕು.

'ಯಾಕೆ ಮಿಸ್? ಎರಡಕ್ಕೂ ಅರ್ಥ ಒಂದೇ ಅಲ್ವಾ?'

ಬಲು ಒಳ್ಳೆಯ ಪ್ರಶ್ನೆ. ನಿಘಂಟುಗಳನ್ನು ಬರೆದ ಮಹಾಮಹಾ ಪಂಡಿತರು ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಅವರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಇಂಗ್ಲಿಷ್ ಅವರ ಮನೆಮಾತು. ಸಜೆಸ್ಟ್ ಪದದ ಮುಂದೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಅವರಿಗೆ ತಾಯಿಯ ಮಡಿಲಲ್ಲೇ ಸಿಕ್ಕಿತ್ತು.

ನಾನು ಬಲ್ಲೆ, ನನಗೆ ಗೊತ್ತು

ನಮಗೂ ನಮ್ಮ ಭಾಷೆಯಲ್ಲಿ ಹಾಗೇ ಸಿಕ್ಕಿದೆ. ಬೆಂಗಳೂರಿಗೆ ಹೊಸದಾಗಿ ಬಂದು ಶ್ರದ್ಧೆಯಿಂದ ಕನ್ನಡ ಕಲಿಯುತ್ತಿರುವವರು 'ನಾನು ಕನ್ನಡ ಸ್ವಲ್ಪ ಗೊತ್ತು' ಎನ್ನುತ್ತಾರೆ. ಅರ್ಥ ನಮಗೆ ಪೂರ್ತಿ ಆಗುತ್ತದೆ. ಆದರೂ ಕಿವಿ ತಡವರಿಸುತ್ತದೆ. 'ನಾನು ಬಲ್ಲೆ' ಎನ್ನಬಹುದು, 'ನನಗೆ ಗೊತ್ತು' ಎನ್ನಬೇಕು. ಎರಡಕ್ಕೂ ಅರ್ಥ ಒಂದೇ. ಆದರೆ ಒಂದು ಪದ 'ನಾನು' ಕೇಳುತ್ತದೆ, ಇನ್ನೊಂದು 'ನನಗೆ' ಕೇಳುತ್ತದೆ. ಯಾವ ಮೇಷ್ಟರೂ ನಮಗಿದನ್ನು ಕಲಿಸಲಿಲ್ಲ. ಕಲಿಯುವವರಿಗೆ ಮಾತ್ರ ಯಾರಾದರೂ ಹೇಳಿಕೊಡಲೇಬೇಕು.

ಇಂಗ್ಲಿಷಿನಲ್ಲಿ ಅಡ್ವೈಸ್ ಎಂಬ ಕ್ರಿಯಾಪದ ತನ್ನ ಮುಂದೆ ವ್ಯಕ್ತಿಯನ್ನು ಕೂರಿಸಿಕೊಂಡು, ಆಮೇಲೆ 'ಟು' ಸೇರಿಸಿ ಇನ್ನೊಂದು ಕ್ರಿಯೆಯನ್ನು ಕರೆಯುತ್ತದೆ. ಸಜೆಸ್ಟ್ ಈ ಜೋಡಣೆಯನ್ನು ಒಪ್ಪುವುದಿಲ್ಲ. ಅದಕ್ಕೆ 'ದಟ್' ಬೇಕು, ಇಲ್ಲವೇ 'ಇಂಗ್' ಹತ್ತಿದ ರೂಪ ಬೇಕು: 'ಹಿ ಸಜೆಸ್ಟೆಡ್ ದಟ್ ಐ ಶುಡ್ ಸ್ಟಡಿ', 'ಹಿ ಸಜೆಸ್ಟೆಡ್ ಗೋಯಿಂಗ್ ಬೈ ಬಸ್'. ಅರ್ಥದಿಂದ ಇದನ್ನು ಊಹಿಸಲು ಸಾಧ್ಯವೇ ಇಲ್ಲ. ಪದವೊಂದು ಮದುವೆಯಾಗಿ ಬಂದ ಸೊಸೆಯಂತೆ. ತನ್ನ ತವರಿನ ಬಳಗವನ್ನೂ ರೀತಿ ರಿವಾಜನ್ನೂ ಜೊತೆಗೆ ತರುತ್ತದೆ.

ಬೋರ್ಡಿನ ಮೇಲಿದ್ದ ಉಳಿದ ಪದಗಳನ್ನೂ ನೋಡಿ. ಕನ್ನಡದಲ್ಲಿ ನಾವು ಒಂದು ವಿಷಯದ ಬಗ್ಗೆ ಚರ್ಚಿಸುತ್ತೇವೆ. ಅದಕ್ಕೇ ನಮ್ಮ ಇಂಗ್ಲಿಷಿನಲ್ಲಿ 'ಡಿಸ್ಕಸ್ ಅಬೌಟ್' ನುಸುಳುತ್ತದೆ. ಇಂಗ್ಲಿಷಿನ ಡಿಸ್ಕಸ್ ತನ್ನ ವಿಷಯವನ್ನು ನೇರವಾಗಿ ಹಿಡಿಯುತ್ತದೆ, ನಡುವೆ ಯಾವ ಸೇತುವೆಯೂ ಬೇಡ. ಗಮನಿಸಬೇಕಾದ ಸಂಗತಿಯೆಂದರೆ ಅದೇ ಪದ ನಾಮಪದವಾಗಿ ಡಿಸ್ಕಷನ್ ಆದಾಗ 'ಅಬೌಟ್' ಸರಿಯಾಗಿಯೇ ಬರುತ್ತದೆ. ಹೀಗಿರುವಾಗ ಮಕ್ಕಳು ಗೊಂದಲಕ್ಕೆ ಬೀಳದೆ ಇನ್ನೇನು ಮಾಡಿಯಾರು?

ಕೋಣೆಯ ಒಳಗೆ ಹೋಗುವಾಗ 'ಎಂಟರ್ ದ ರೂಮ್' ಸಾಕು. ಒಪ್ಪಂದಕ್ಕೆ ಬರುವಾಗ ಮಾತ್ರ 'ಎಂಟರ್ ಇಂಟು'. ಕನ್ನಡದಲ್ಲಿ ಯಾರ ಜೊತೆಗೋ ಮದುವೆಯಾಗುತ್ತದೆ, ಆದ್ದರಿಂದ 'ಮ್ಯಾರೀಡ್ ವಿತ್' ಬರುತ್ತದೆ; ಇಂಗ್ಲಿಷಿನಲ್ಲಿ ಅದು 'ಮ್ಯಾರೀಡ್ ಟು'. ಮಾಹಿತಿಗಳು, ಸಲಹೆಗಳು, ಉಪಕರಣಗಳು ಕನ್ನಡದಲ್ಲಿ ಸಹಜ ಬಹುವಚನಗಳು. 'ಇನ್ಫರ್ಮೇಷನ್ಸ್', 'ಅಡ್ವೈಸಸ್', 'ಇಕ್ವಿಪ್‌ಮೆಂಟ್ಸ್' ಎಂದರೆ ಇಂಗ್ಲಿಷ್ ಓದುಗ ಹುಬ್ಬೇರಿಸುತ್ತಾನೆ. ಆ ಪದಗಳನ್ನು ಅವನ ಭಾಷೆ ಎಣಿಸುವುದಿಲ್ಲ.

ಇವು ಯಾವುವೂ ದಡ್ಡರ ತಪ್ಪುಗಳಲ್ಲ. ಕನ್ನಡದ ವಾಕ್ಯವನ್ನು ಚೆನ್ನಾಗಿ ಬಲ್ಲ ಮಗುವೇ ಈ ತಪ್ಪುಗಳನ್ನು ಮಾಡುತ್ತದೆ. ಈ ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಯಾಕೆಂದರೆ ಆ ಕೆಂಪು ಗೆರೆಯನ್ನು ಕಂಡು 'ನನಗೆ ಇಂಗ್ಲಿಷ್ ಬರಲ್ಲ' ಎಂದು ಹನ್ನೆರಡನೇ ವಯಸ್ಸಿಗೇ ತೀರ್ಮಾನಿಸಿಬಿಡುವ ಮಕ್ಕಳು ನಮ್ಮ ಹಳ್ಳಿಗಳಲ್ಲಿ ತುಂಬ ಇದ್ದಾರೆ.

ಟೋಕಿಯೊಗೆ ಬಂದ ಪಾಮರ್, ಒಯಿಟಾಗೆ ಬಂದ ಹಾರ್ನ್‌ಬಿ

ಈ ಕೆಂಪು ಗೆರೆಗೆ ಮದ್ದು ಹುಡುಕಿದವರು ಜಪಾನಿಗೆ ಹೋದ ಇಬ್ಬರು ಇಂಗ್ಲಿಷ್ ಮೇಷ್ಟರು. ಮೊದಲನೆಯವರು ಹೆರಾಲ್ಡ್ ಪಾಮರ್, 1877ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಬೆಲ್ಜಿಯಮ್ಮಿನ ವೆರ್ವಿಯೆ ಎಂಬ ಊರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. 1914ರಲ್ಲಿ ಜರ್ಮನ್ ಸೈನ್ಯ ನುಗ್ಗಿದಾಗ ಇಂಗ್ಲೆಂಡಿಗೆ ಓಡಿಬಂದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ 1922ರಲ್ಲಿ ಜಪಾನ್ ಅವರನ್ನು ಸಲಹೆಗಾರರಾಗಿ ಕರೆಸಿಕೊಂಡಿತು. ಮರುವರ್ಷ ಟೋಕಿಯೊದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಗೆಂದೇ ಒಂದು ಸಂಸ್ಥೆ ಆರಂಭವಾಯಿತು. ಅದೇ 1923ರ ಸೆಪ್ಟೆಂಬರಿನಲ್ಲಿ ಟೋಕಿಯೊ ಭೂಕಂಪಕ್ಕೆ ಸಿಕ್ಕಿ ಉರಿದುಹೋಯಿತು. ಸಂಸ್ಥೆಯ ಕೆಲಸ ನಿಲ್ಲಲಿಲ್ಲ.

1924ರಲ್ಲಿ ಕ್ಯೂಷೂ ದ್ವೀಪದ ಒಯಿಟಾ ಎಂಬ ಊರಿನ ವಾಣಿಜ್ಯ ಕಾಲೇಜಿಗೆ ಇನ್ನೊಬ್ಬ ಯುವಕ ಬಂದಿಳಿದರು. ಆಲ್ಬರ್ಟ್ ಸಿಡ್ನಿ ಹಾರ್ನ್‌ಬಿ. ಚೆಸ್ಟರ್ ಊರಿನವರು, 1898ರಲ್ಲಿ ಹುಟ್ಟಿದವರು, ಇಂಗ್ಲಿಷ್ ಸಾಹಿತ್ಯದ ಪದವೀಧರರು. ಸಾಹಿತ್ಯ ಪಾಠ ಮಾಡಲೆಂದು ಬಂದವರಿಗೆ ಬೇಗನೆ ಅರಿವಾಯಿತು: ಈ ಹುಡುಗರಿಗೆ ಕಾವ್ಯಕ್ಕಿಂತ ಮೊದಲು ಬೇಕಾಗಿರುವುದು ತಪ್ಪಿಲ್ಲದ ಒಂದು ವಾಕ್ಯ.

ಜಪಾನಿ ಹುಡುಗರ ಕಷ್ಟ ಎಂಥದ್ದು? ಕನ್ನಡದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಪಾನಿ ಭಾಷೆಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅಲ್ಲಿ, ಇಂದ, ಗೆ ಎಂಬಂಥವು ನಾಮಪದದ ನಂತರ ಅಂಟಿಕೊಳ್ಳುತ್ತವೆ, ಅದಕ್ಕಿಂತ ಮೊದಲು ನಿಲ್ಲುವುದಿಲ್ಲ. 'ಎ', 'ದ' ಎಂಬ ಪುಟ್ಟ ಪದಗಳು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ವಂಶದಿಂದ ದೂರದ ಈ ಎರಡು ಭಾಷೆಗಳು ವಾಕ್ಯ ಕಟ್ಟುವ ಬಗೆಯಲ್ಲಿ ತೀರ ಹತ್ತಿರ. ಒಯಿಟಾದ ಹುಡುಗ ಎಡವುವ ಕಡೆಯಲ್ಲೇ ಹಾವೇರಿಯ ಹುಡುಗಿಯೂ ಎಡವುತ್ತಾಳೆ. ನಮ್ಮ ಮಕ್ಕಳಿಗೆ ಹಾರ್ನ್‌ಬಿಯ ಕೆಲಸ ಅಷ್ಟೊಂದು ಒದಗಿಬರಲು ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಪಾಮರ್ ಮತ್ತು ಹಾರ್ನ್‌ಬಿ ಕೈಜೋಡಿಸಿದರು. ಮೊದಲು ಅವರು ಹುಡುಕಿದ್ದು ಪದಗಳ ಜೋಡಿಗಳನ್ನು. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಚಹಾ 'ಸ್ಟ್ರಾಂಗ್'. ಅದಲುಬದಲು ಮಾಡುವಂತಿಲ್ಲ. ನಮ್ಮಲ್ಲಿ ಮಳೆ ಜೋರು, ಚಹಾ ಖಡಕ್ ಆದಂತೆ. ಇಂಥ ಸಾವಿರಾರು ಜೋಡಣೆಗಳನ್ನು ಬಿಡಿಬಿಡಿಯಾಗಿ ಕಟ್ಟಲು ಬರುವುದಿಲ್ಲ, ಇಡಿಯಾಗಿಯೇ ಕಲಿಯಬೇಕು ಎಂದು 1933ರಲ್ಲಿ ಅವರ ಸಂಸ್ಥೆ ಒಂದು ದೊಡ್ಡ ವರದಿಯನ್ನೇ ಹೊರತಂದಿತು. 'ಕೊಲೊಕೇಷನ್' ಎಂಬ ಮಾತು ಇಂಗ್ಲಿಷ್ ಮೇಷ್ಟರ ಬಾಯಿಗೆ ಬಂದದ್ದು ಆ ಕಾಲದಲ್ಲಿ.

1936ರಲ್ಲಿ ಪಾಮರ್ ಜಪಾನ್ ಬಿಟ್ಟರು. ಹೊಣೆ ಹಾರ್ನ್‌ಬಿಯ ಹೆಗಲಿಗೆ ಬಂತು. 1937ರಲ್ಲಿ ಇ.ವಿ. ಗೇಟನ್‌ಬಿ ಮತ್ತು ಎಚ್. ವೇಕ್‌ಫೀಲ್ಡ್ ಎಂಬ ಇಬ್ಬರು ಸಹೋದ್ಯೋಗಿಗಳೊಂದಿಗೆ ಅವರು ಒಂದು ನಿಘಂಟಿನ ಕೆಲಸಕ್ಕೆ ಕೂತರು. ವಿದ್ಯಾರ್ಥಿ ಓದುವಾಗ ಬಿಚ್ಚುವ ನಿಘಂಟುಗಳು ಬೇಕಾದಷ್ಟಿದ್ದವು. ಅವರಿಗೆ ಬೇಕಾಗಿದ್ದದ್ದು ಬರೆಯುವಾಗ ಬಿಚ್ಚುವ ನಿಘಂಟು.

---

ಢಾಕಾದ 1,490 ಪದಗಳು

ಹಾರ್ನ್‌ಬಿ ಒಯಿಟಾದಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಅವಿಭಜಿತ ಬಂಗಾಳದ ಢಾಕಾದಲ್ಲಿ ಮೈಕೆಲ್ ವೆಸ್ಟ್ ಎಂಬ ಅಧಿಕಾರಿ ಇನ್ನೊಂದು ತೊಡಕನ್ನು ಬಿಡಿಸುತ್ತಿದ್ದರು. ಇಂಡಿಯನ್ ಎಜುಕೇಷನ್ ಸರ್ವಿಸ್‌ನಲ್ಲಿದ್ದ ಅವರು ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರು.

ಅವರು ಕಂಡ ತೊಡಕು ಇದು: ಇಂಗ್ಲಿಷ್-ಇಂಗ್ಲಿಷ್ ನಿಘಂಟು ಬಿಚ್ಚಿದರೆ ಗೊತ್ತಿಲ್ಲದ ಒಂದು ಪದಕ್ಕೆ ಗೊತ್ತಿಲ್ಲದ ಇನ್ನೂ ನಾಲ್ಕು ಪದಗಳ ಅರ್ಥ!

1935ರಲ್ಲಿ ಜೆ.ಜಿ. ಎಂಡಿಕಾಟ್ ಜೊತೆ ಸೇರಿ ಅವರು ತಂದ ನಿಘಂಟಿನಲ್ಲಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳನ್ನು ವಿವರಿಸಲು ಬಳಸಿದ್ದು ಬರೀ 1,490 ಸರಳ ಪದಗಳನ್ನು. ಇಂದು ವಿದ್ಯಾರ್ಥಿಗಳಿಗಾಗಿ ಬರುವ ದೊಡ್ಡ ನಿಘಂಟುಗಳು ಇದೇ ಉಪಾಯವನ್ನು ಅನುಸರಿಸುತ್ತವೆ. 1953ರಲ್ಲಿ ವೆಸ್ಟ್ ಹೊರತಂದ ಸುಮಾರು 2,000 ಅತ್ಯಗತ್ಯ ಪದಗಳ ಪಟ್ಟಿ ಹಲವು ದೇಶಗಳ ಶಾಲಾ ಪಠ್ಯಗಳಿಗೆ ಆಧಾರವಾಯಿತು.

---

ಶತ್ರುವಿನ ರಾಜಧಾನಿಯಲ್ಲಿ ಅಚ್ಚು

1940ರ ಹೊತ್ತಿಗೆ ಹಸ್ತಪ್ರತಿ ಮುಗಿದಿತ್ತು. ಅಷ್ಟರಲ್ಲಿ ಜಪಾನಿನ ಗಾಳಿ ಬದಲಾಗಿತ್ತು. ಇಂಗ್ಲಿಷ್ ಶತ್ರುವಿನ ಭಾಷೆ ಎಂಬ ಕೂಗು ಎದ್ದಿತ್ತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಯಿತು. ಜಪಾನಿನಲ್ಲಿದ್ದ ಬ್ರಿಟಿಷ್ ಪ್ರಜೆಗಳನ್ನು ಬಂಧನದಲ್ಲಿ ಇಡಲಾಯಿತು. ಅವರಲ್ಲಿ ಹಾರ್ನ್‌ಬಿಯೂ ಒಬ್ಬರು. 1942ರಲ್ಲಿ ಅವರನ್ನು ದೇಶದಿಂದ ಹೊರಗೆ ಕಳಿಸಿದರು.

ಅದೇ 1942ರಲ್ಲಿ, ಬ್ರಿಟನ್ನಿನೊಂದಿಗೆ ಯುದ್ಧ ನಡೆಯುತ್ತಿರುವಾಗ, ಟೋಕಿಯೊದ ಕೈತಕುಶ ಎಂಬ ಪ್ರಕಾಶನ ಸಂಸ್ಥೆ ಆ ಇಂಗ್ಲಿಷ್ ನಿಘಂಟನ್ನು ಅಚ್ಚು ಮಾಡಿ ಹೊರತಂದಿತು. ಶೀರ್ಷಿಕೆಯಲ್ಲೇ ಅದರ ಉದ್ದೇಶವಿತ್ತು: 'ಇಡಿಯೊಮ್ಯಾಟಿಕ್ ಅಂಡ್ ಸಿಂಟ್ಯಾಕ್ಟಿಕ್ ಇಂಗ್ಲಿಷ್ ಡಿಕ್ಷನರಿ'. ನುಡಿಗಟ್ಟು ಮತ್ತು ವಾಕ್ಯರಚನೆಯ ನಿಘಂಟು. ದೇಶವೇ ಯುದ್ಧೋನ್ಮಾದದಲ್ಲಿದ್ದಾಗ ಶತ್ರುಭಾಷೆಯ ಪುಸ್ತಕಕ್ಕೆ ಕಾಗದ ಹೊಂದಿಸಿ, ಅಚ್ಚುಮೊಳೆ ಜೋಡಿಸಿದ ಆ ಪ್ರಕಾಶಕರ ಧೈರ್ಯಕ್ಕೆ ಇಂಗ್ಲಿಷ್ ಕಲಿತ ಎಲ್ಲರೂ ಋಣಿಗಳು.

ಹಾರ್ನ್‌ಬಿ ಬ್ರಿಟಿಷ್ ಕೌನ್ಸಿಲ್ ಸೇರಿ ಇರಾನಿಗೆ ಹೋದರು. 1946ರಲ್ಲಿ ಇಂಗ್ಲಿಷ್ ಕಲಿಸುವವರಿಗಾಗಿ ಒಂದು ಪತ್ರಿಕೆ ಆರಂಭಿಸಿ ಅದರ ಮೊದಲ ಸಂಪಾದಕರಾದರು. 1948ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಟೋಕಿಯೊದ ಆ ಪುಟಗಳನ್ನೇ ಫೋಟೊ ತೆಗೆದು ಮರುಮುದ್ರಿಸಿತು. ಹೆಸರು 'ಎ ಲರ್ನರ್ಸ್ ಡಿಕ್ಷನರಿ ಆಫ್ ಕರೆಂಟ್ ಇಂಗ್ಲಿಷ್'. 1952ರಲ್ಲಿ 'ಅಡ್ವಾನ್ಸ್ಡ್' ಎಂಬ ಪದ ಅದರ ಮುಂದೆ ಸೇರಿತು. ಅಂದಿನಿಂದ ಇಂದಿನವರೆಗೆ ಕೋಟ್ಯಂತರ ಪ್ರತಿಗಳು ಮಾರಾಟವಾಗಿವೆ. ಹತ್ತನೇ ಆವೃತ್ತಿ ಬಂದದ್ದು 2020ರಲ್ಲಿ. ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದಾಗ ಅಪ್ಪನೋ ಅಣ್ಣನೋ ತಂದುಕೊಟ್ಟ ಆ ದಪ್ಪ ಪುಸ್ತಕ ಕರ್ನಾಟಕದ ಎಷ್ಟೋ ಮನೆಗಳಲ್ಲಿದೆ.

ಒಳಗೆ ಏನಿತ್ತು?

ಪದದ ಪ್ರಯೋಗ ತೋರಿಸುವುದು ಹೊಸದೇನಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತನ್ನ ನಿಘಂಟಿನ ತುಂಬ ಕವಿಗಳ, ಗದ್ಯಕಾರರ ಸಾಲುಗಳನ್ನು ಪೋಣಿಸಿದ್ದ. ಆಕ್ಸ್‌ಫರ್ಡಿನ ಮಹಾನಿಘಂಟು 1928ರಲ್ಲಿ ಮುಗಿದಾಗ ಅದರಲ್ಲಿ ಶತಮಾನಗಳ ಪ್ರಯೋಗಗಳಿದ್ದವು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲೂ ಹಳಗನ್ನಡದಿಂದ ಹೊಸಗನ್ನಡದವರೆಗಿನ ಪ್ರಯೋಗಗಳ ಸಿರಿಯಿದೆ.

ಆದರೆ ಅವೆಲ್ಲ ಪದವೊಂದು ಹೇಗೆ ಬಳಕೆಯಾಗಿದೆ ಎಂಬುದಕ್ಕೆ ಸಾಕ್ಷಿ. ಹಾರ್ನ್‌ಬಿ ತೋರಿಸಿದ್ದು ನಾಳೆ ಬೆಳಿಗ್ಗೆ ನೀವು ಅದನ್ನು ಹೇಗೆ ಬಳಸಬಹುದು ಎಂಬುದನ್ನು. ಅವರ ಉದಾಹರಣೆ ವಾಕ್ಯಗಳು ಚಿಕ್ಕವು, ಸರಳ, ದಿನನಿತ್ಯದವು. ಅವುಗಳಲ್ಲಿ ಒಂದು ಪದ ಬದಲಿಸಿದರೆ ನಿಮ್ಮದೇ ವಾಕ್ಯ ಸಿದ್ಧ.

ಇಂಗ್ಲಿಷ್ ಕ್ರಿಯಾಪದಗಳು ವಾಕ್ಯ ಕಟ್ಟುವ ಬಗೆಗಳನ್ನು ಅವರು 25 ಮಾದರಿಗಳಾಗಿ ವಿಂಗಡಿಸಿದರು. ಪ್ರತಿ ಮಾದರಿಗೂ ಒಂದು ಸಂಖ್ಯೆ. ಕ್ರಿಯಾಪದದ ಪಕ್ಕದಲ್ಲಿ ಆ ಸಂಖ್ಯೆ ಕೊಟ್ಟರು. ಸಜೆಸ್ಟ್ ಯಾವ ಮಾದರಿಗೆ ಸೇರುತ್ತದೆ, ಅಡ್ವೈಸ್ ಯಾವುದಕ್ಕೆ ಎಂದು ವಿದ್ಯಾರ್ಥಿ ಕ್ಷಣದಲ್ಲಿ ನೋಡಬಹುದಿತ್ತು. ನಾಮಪದಗಳ ಪಕ್ಕದಲ್ಲಿ ಅದು ಎಣಿಸಬಹುದಾದದ್ದೋ ಅಲ್ಲವೋ ಎಂಬ ಗುರುತು. ಆ ಒಂದಕ್ಷರದ ಗುರುತು ಗೊತ್ತಿದ್ದರೆ 'ಫರ್ನಿಚರ್ಸ್' ಎಂದು ಯಾರೂ ಬರೆಯುವುದಿಲ್ಲ.

ಸಂಖ್ಯೆಗಳ ಆ ಪದ್ಧತಿ ಈಗಿಲ್ಲ. ನೆನಪಿಡುವುದು ಕಷ್ಟವೆಂದು ನಂತರದ ಸಂಪಾದಕರು ಸುಲಭ ಸಂಕೇತಗಳನ್ನು ತಂದರು. ಅದು ಸರಿಯಾದ ನಿರ್ಧಾರವೇ. ಎಣಿಕೆಯ ಗುರುತು, ಮಾದರಿ ವಾಕ್ಯ, ಕ್ರಿಯಾಪದದ ಮುಂದೆ ಬರುವುದರ ಸೂಚನೆ ಮಾತ್ರ ಉಳಿದುಕೊಂಡಿವೆ. ಎದುರಾಳಿ ನಿಘಂಟುಗಳೂ ಇವನ್ನು ಅಳವಡಿಸಿಕೊಂಡವು. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ವೆಸ್ಟ್ ಅವರ ದಾರಿಯನ್ನೂ ಹಾರ್ನ್‌ಬಿಯ ದಾರಿಯನ್ನೂ ಒಂದುಗೂಡಿಸಿತು: ಅರ್ಥ ಹೇಳಲು ಸುಮಾರು 2,000 ಪದಗಳ ಮಿತಿ, ಜೊತೆಗೆ ವ್ಯಾಕರಣದ ಸೂಕ್ಷ್ಮ ಸಂಕೇತಗಳು. ಅದೇ ವರ್ಷ ಹಾರ್ನ್‌ಬಿ ತೀರಿಕೊಂಡರು.

---

ಗಳಿಕೆ ಮರಳಿ ಮೇಷ್ಟರಿಗೆ

ನಿಘಂಟಿನಿಂದ ಬಂದ ಹಣವನ್ನು ಹಾರ್ನ್‌ಬಿ ತಮ್ಮ ಬಳಿಯೇ ಇಟ್ಟುಕೊಳ್ಳಲಿಲ್ಲ. 1961ರಲ್ಲಿ ತಮ್ಮ ಹೆಸರಿನ ಒಂದು ಟ್ರಸ್ಟ್ ಸ್ಥಾಪಿಸಿ, ಇಂಗ್ಲಿಷ್ ತಾಯ್ನುಡಿಯಲ್ಲದ ದೇಶಗಳಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕರ ಓದಿಗೆ, ತರಬೇತಿಗೆ ಅದನ್ನು ಮುಡಿಪಾಗಿಟ್ಟರು. ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಈ ವಿದ್ಯಾರ್ಥಿವೇತನ ಪಡೆದು ಅನೇಕ ದೇಶಗಳ ಶಿಕ್ಷಕರು ಎಂ.ಎ. ಮಾಡಿದ್ದಾರೆ.

---

ಕಂಪ್ಯೂಟರ್ ಕಂಡ ಗುಟ್ಟು

ಹಾರ್ನ್‌ಬಿಯ ಉದಾಹರಣೆಗಳು ಅವರೇ ಕಟ್ಟಿದವು. ಇದಕ್ಕೆ ಆಕ್ಷೇಪ ಎತ್ತಿದವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್. ಜನ ನಿಜವಾಗಿ ಆಡಿದ, ಬರೆದ ವಾಕ್ಯಗಳೇ ನಿಘಂಟಿನಲ್ಲಿ ಇರಬೇಕು ಎಂಬುದು ಅವರ ಪಟ್ಟು. ಪತ್ರಿಕೆ, ಪುಸ್ತಕ, ಸಂಭಾಷಣೆಗಳಿಂದ ಸುಮಾರು 2 ಕೋಟಿ ಪದಗಳ ಸಂಗ್ರಹವನ್ನು ಕಂಪ್ಯೂಟರಿಗೆ ಉಣಿಸಿ, ಒಂದೊಂದು ಪದದ ಎಡಬಲಗಳಲ್ಲಿ ಏನೇನು ಬರುತ್ತದೆಂದು ಸಾಲುಸಾಲಾಗಿ ನೋಡಿದರು. 1987ರಲ್ಲಿ 'ಕೋಬಿಲ್ಡ್' ನಿಘಂಟು ಹೊರಬಂತು. ಅರ್ಥವನ್ನೂ ಅದು ಪೂರ್ತಿ ವಾಕ್ಯದಲ್ಲಿ ಹೇಳುತ್ತಿತ್ತು. ಆದ್ದರಿಂದ ಅರ್ಥ ಓದುತ್ತಲೇ ಬಳಕೆಯೂ ಕಣ್ಣಿಗೆ ಬೀಳುತ್ತಿತ್ತು.

ಆ ಸಾಲುಗಳಲ್ಲಿ ಯಾವ ಪಂಡಿತನ ಕಿವಿಗೂ ಅದುವರೆಗೆ ಸ್ಪಷ್ಟವಾಗದ ಸಂಗತಿಗಳು ಕಂಡವು. 'ಸೆಟ್ ಇನ್' ಎಂಬ ಪ್ರಯೋಗವನ್ನೇ ತೆಗೆದುಕೊಳ್ಳಿ. ಆರಂಭವಾಗಿ ನೆಲೆಯೂರು ಎಂಬ ಅರ್ಥ. ಆದರೆ ಹಾಗೆ ನೆಲೆಯೂರುವುದು ಬಹುಪಾಲು ಕೊಳೆತ, ಹತಾಶೆ, ಸೋಂಕಿನಂಥ ಕೆಟ್ಟ ಸಂಗತಿಗಳೇ! 'ಕಾಸ್' ಎಂಬ ಕ್ರಿಯಾಪದವೂ ಹಾಗೆ. ಅದರ ಮುಂದೆ ಬರುವುದು ಹೆಚ್ಚಾಗಿ ಹಾನಿ, ತೊಂದರೆ, ಸಾವು. 'ಹಿಸ್ ವಿಸಿಟ್ ಕಾಸ್ಡ್ ಹ್ಯಾಪಿನೆಸ್' ಎಂದು ಬರೆದರೆ ವ್ಯಾಕರಣ ತಪ್ಪಲ್ಲ, ಧ್ವನಿ ತಪ್ಪುತ್ತದೆ.

ಕನ್ನಡದ ಕಿವಿಗೆ ಇದು ಕೂಡಲೇ ತಟ್ಟುತ್ತದೆ. 'ನಿಮ್ಮ ದಯೆಯಿಂದ ಕೆಲಸ ಸಿಕ್ಕಿತು' ಎನ್ನುತ್ತೇವೆ, 'ನಿಮ್ಮ ದೆಸೆಯಿಂದ ಬಸ್ಸು ತಪ್ಪಿತು' ಎನ್ನುತ್ತೇವೆ. ದೆಸೆಯಿಂದ ಎಂಬುದರಲ್ಲಿ ಮಾತಾಡುವವರ ಮುನಿಸು ಅಡಗಿದೆ. ಇದನ್ನು ಬರೀ 'ಕಾರಣದಿಂದ' ಎಂದು ಅರ್ಥ ಬರೆದು ಕಲಿಸಿದರೆ ಕನ್ನಡ ಕಲಿಯುವವರೊಬ್ಬರು ಧನ್ಯವಾದ ಹೇಳಲು ಹೋಗಿ ಜಗಳ ತಂದುಕೊಳ್ಳುತ್ತಾರೆ.

ಕಟ್ಟಿದ ಉದಾಹರಣೆ ಒಳ್ಳೆಯದೋ, ಸಿಕ್ಕಿದ ಉದಾಹರಣೆ ಒಳ್ಳೆಯದೋ? ಈ ವಾದ ಇನ್ನೂ ನಡೆದಿದೆ. ಎಂಟನೇ ತರಗತಿಯ ಮಗುವಿಗೆ ಹಾರ್ನ್‌ಬಿಯ ಪುಟ್ಟ ವಾಕ್ಯಗಳೇ ಮೇಲು ಎಂಬುದು ನನ್ನ ಅಭಿಪ್ರಾಯ. ಪತ್ರಿಕೆಯ ನಡುವಿನಿಂದ ಕಿತ್ತು ತಂದ ವಾಕ್ಯದಲ್ಲಿ ಮಗುವಿಗೆ ಸಂಬಂಧಿಸದ ಹತ್ತು ಸಂಗತಿಗಳು ಸಿಕ್ಕಿಹಾಕಿಕೊಂಡಿರುತ್ತವೆ. ಕಾಲೇಜು ದಾಟಿದವರಿಗೆ, ಇಂಗ್ಲಿಷಿನಲ್ಲಿ ವರದಿ, ಪ್ರಬಂಧ ಬರೆಯುವವರಿಗೆ ಮಾತ್ರ ಸಿಂಕ್ಲೇರ್ ತೆರೆದ ಕಿಟಕಿಗಿಂತ ದೊಡ್ಡ ಉಪಕಾರವಿಲ್ಲ.

ಯಾವುದು ತಪ್ಪು, ಯಾವುದು ನಮ್ಮದು?

ಬೆಳಗಾವಿಯಿಂದ ಬಸ್ಸು ಹತ್ತಿದರೆ ಬೇಗನೆ ಸಿಗುವ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್.ವಿ. ಶಾಸ್ತ್ರಿ ಮತ್ತು ಸಂಗಡಿಗರು ಒಂದು ಅಪರೂಪದ ಕೆಲಸ ಮಾಡಿದರು. 1978ರಲ್ಲಿ ಭಾರತದಲ್ಲಿ ಪ್ರಕಟವಾದ ಇಂಗ್ಲಿಷ್ ಬರಹಗಳಿಂದ 500 ಭಾಗಗಳನ್ನು ಆಯ್ದು, 10 ಲಕ್ಷ ಪದಗಳ ಸಂಗ್ರಹ ಸಿದ್ಧಪಡಿಸಿದರು. ಭಾಷಾವಿಜ್ಞಾನಿಗಳು ಅದನ್ನು 'ಕೊಲ್ಹಾಪುರ ಕಾರ್ಪಸ್' ಎಂದು ಕರೆಯುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಮೊದಲೇ ಆಗಿದ್ದ ಬ್ರೌನ್ ಕಾರ್ಪಸ್‌ನ ಅಚ್ಚಿನಲ್ಲೇ ಇದನ್ನು ಕಟ್ಟಿದ್ದರಿಂದ ಭಾರತೀಯರ ಇಂಗ್ಲಿಷನ್ನು ಅಮೆರಿಕನ್ನರ ಇಂಗ್ಲಿಷಿನ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು.

ಅಂಥ ಹೋಲಿಕೆಗಳಿಂದ ಒಂದು ಗಂಭೀರ ಪ್ರಶ್ನೆ ಏಳುತ್ತದೆ. ಕೋಟಿಗಟ್ಟಲೆ ಜನ ಒಂದೇ ರೀತಿ ಬಳಸಿದರೆ ಅದು ಇನ್ನೂ ತಪ್ಪೇ? 'ಪ್ರಿಪೋನ್' ಪದವನ್ನು ನಮ್ಮ ಮೇಷ್ಟರು ಒಂದು ಕಾಲಕ್ಕೆ ಹೊಡೆದುಹಾಕುತ್ತಿದ್ದರು. ಇಂದು ಅದು ಆಕ್ಸ್‌ಫರ್ಡ್ ನಿಘಂಟಿನಲ್ಲಿ ಭಾರತೀಯ ಇಂಗ್ಲಿಷ್ ಎಂಬ ಗುರುತಿನೊಂದಿಗೆ ಇದೆ. ಹಾರ್ನ್‌ಬಿಯ ನಿಘಂಟಿನ 2020ರ ಆವೃತ್ತಿಗೆ ಭಾರತೀಯ ಇಂಗ್ಲಿಷಿನ 26 ಹೊಸ ಪದಗಳು ಸೇರಿ ಅವುಗಳ ಒಟ್ಟು ಸಂಖ್ಯೆ 384 ಆಯಿತು. ಆಧಾರ್, ಡಬ್ಬಾ, ಹರ್ತಾಲ್, ಶಾದಿ ಆಗ ಒಳಬಂದವು.

ಆದರೂ ಎರಡನ್ನು ಬೇರೆಬೇರೆಯಾಗಿ ನೋಡಬೇಕು. ಪ್ರಿಪೋನ್ ನಮ್ಮ ಅಗತ್ಯದಿಂದ ಹುಟ್ಟಿದ ಪದ. ಮುಂದೂಡುವುದಕ್ಕೆ 'ಪೋಸ್ಟ್‌ಪೋನ್' ಇತ್ತು, ಮುಂಚೆ ಮಾಡುವುದಕ್ಕೆ ಅದರ ಜೋಡಿಪದ ಇರಲಿಲ್ಲ, ನಾವು ಕಟ್ಟಿಕೊಂಡೆವು. 'ಸಜೆಸ್ಟೆಡ್ ಮಿ ಟು' ಹಾಗಲ್ಲ. ಸಂದರ್ಶನಕ್ಕೆ ಅರ್ಜಿ ಬರೆಯುವ ಹುಡುಗಿಯ ಪತ್ರದಲ್ಲಿ ಅದು ಇದ್ದರೆ ಓದುವವರ ಗಮನ ಅವಳ ಯೋಗ್ಯತೆಯಿಂದ ಸರಿದು ಅವಳ ಇಂಗ್ಲಿಷಿನ ಮೇಲೆ ನಿಲ್ಲುತ್ತದೆ. ಭಾರತೀಯ ಇಂಗ್ಲಿಷಿನ ಹಕ್ಕಿನ ಬಗ್ಗೆ ದೊಡ್ಡ ಮಾತಾಡುವವರು ತಮ್ಮ ಮಕ್ಕಳಿಗೆ ಈ ಸೂಕ್ಷ್ಮಗಳನ್ನು ಚೆನ್ನಾಗಿಯೇ ಕಲಿಸಿರುತ್ತಾರೆ. ಸರ್ಕಾರಿ ಶಾಲೆಯ ಮಗುವಿಗೂ ಅದು ಸಿಗಬೇಕು.

ಬೆಂಗಳೂರು ಕೇಳಿದ ಪ್ರಶ್ನೆ

ಹಾರ್ನ್‌ಬಿಯ ವಾಕ್ಯಮಾದರಿಗಳು ಪಠ್ಯಪುಸ್ತಕಗಳಿಗೂ ಇಳಿದವು. ಸ್ವಾತಂತ್ರ್ಯಾನಂತರದ ಭಾರತದಲ್ಲಿ ಇಂಗ್ಲಿಷ್ ಪಾಠವೆಂದರೆ ಒಂದೊಂದೇ ರಚನೆಯನ್ನು ಆರಿಸಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ತರಗತಿಯಿಡೀ ಒಕ್ಕೊರಲಿನಿಂದ ಹೇಳಿಸುವುದು. ಶಿಕ್ಷಕರನ್ನು ತಯಾರು ಮಾಡಲು ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಸಂಸ್ಥೆ ಹುಟ್ಟಿತು. ನಮ್ಮ ವಿ.ಕೃ. ಗೋಕಾಕರು ಅದರ ನಿರ್ದೇಶಕರಾಗಿದ್ದರು. 1963ರಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು.

ಅದೇ ಬೆಂಗಳೂರಿನಿಂದ 1979ರಲ್ಲಿ ಒಂದು ಮೂಲಭೂತ ಸಂದೇಹ ಎದ್ದಿತು. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಕೇಳಿದರು: ಮಕ್ಕಳು ಇಷ್ಟೆಲ್ಲ ಮಾದರಿಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ತರಗತಿಯ ಹೊರಗೆ ಮಾತ್ರ ಬಳಸಲಾರರು. ಏಕೆ? ಗಮನವೆಲ್ಲ ರಚನೆಯ ಮೇಲಿದ್ದರೆ ಅರ್ಥ ಹಿಂದೆ ಸರಿಯುತ್ತದೆ. ಗಮನ ಅರ್ಥದ ಮೇಲಿದ್ದರೆ ರಚನೆ ತಾನಾಗಿ ಮೈಗೂಡುತ್ತದೆ.

ಬೆಂಗಳೂರು, ಮದರಾಸು, ಕಡಲೂರಿನ ಸಾಮಾನ್ಯ ಶಾಲೆಗಳಲ್ಲಿ 1984ರವರೆಗೆ ಇದರ ಪ್ರಯೋಗ ನಡೆಯಿತು. ವ್ಯಾಕರಣದ ಪಾಠವಿಲ್ಲ, ಒಕ್ಕೊರಲ ಪಠಣವಿಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ರೈಲು ಹಿಡಿದರೆ ಬೇಗ ತಲುಪಬಹುದು ಎಂದು ಹುಡುಕಿಸುವುದು, ನಕ್ಷೆ ಕೊಟ್ಟು ದಾರಿ ಹೇಳಿಸುವುದು. ಮಕ್ಕಳ ತಲೆ ಸಮಸ್ಯೆಯಲ್ಲಿ ಮುಳುಗಿರುತ್ತದೆ, ಇಂಗ್ಲಿಷ್ ಅದರ ಜೊತೆಗೇ ಒಳಗಿಳಿಯುತ್ತದೆ. 1987ರಲ್ಲಿ ಪ್ರಭು ಅವರ ಪುಸ್ತಕ ಬಂದ ಮೇಲೆ 'ಬೆಂಗಳೂರು ಪ್ರಾಜೆಕ್ಟ್' ಜಗತ್ತಿನ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ತಪ್ಪದ ಅಧ್ಯಾಯವಾಯಿತು. ನಮ್ಮೂರಿನ ಹೆಸರು ಹೊತ್ತ ಈ ಪ್ರಯೋಗದ ಬಗ್ಗೆ ನಮ್ಮಲ್ಲೇ ಇಷ್ಟು ಕಡಿಮೆ ಮಾತು ಕೇಳಿಬರುವುದು ನನಗೆ ನೋವಿನ ಸಂಗತಿ.

ಹಾರ್ನ್‌ಬಿ ಸರಿಯೋ, ಪ್ರಭು ಸರಿಯೋ? ಇಬ್ಬರನ್ನೂ ಎದುರಾಳಿಗಳಾಗಿ ನಿಲ್ಲಿಸುವ ಅಗತ್ಯವಿಲ್ಲ. ಹೇಳಲು ಏನಾದರೂ ಇದ್ದಾಗಲೇ ಮಗುವಿಗೆ ವಾಕ್ಯ ಬೇಕಾಗುತ್ತದೆ. ಅದು ಪ್ರಭು ಕಂಡ ಸತ್ಯ. ವಾಕ್ಯ ಬೇಕಾದ ಆ ಗಳಿಗೆಯಲ್ಲಿ ಕೈಗೆ ಸಿಗುವಂತೆ ಸರಿಯಾದ ಮಾದರಿ ಎಲ್ಲೋ ಇರಬೇಕು. ಅದು ಹಾರ್ನ್‌ಬಿ ಇಟ್ಟ ಬುತ್ತಿ.

ಮೂರನೇ ಕಾಲಂ

ಈಗ ಕಂಪ್ಯೂಟರ್, ಫೋನುಗಳು ತಪ್ಪಿನ ಕೆಳಗೆ ತಾವೇ ಗೆರೆ ಎಳೆದು, ತಾವೇ ತಿದ್ದಿಯೂ ಬಿಡುತ್ತವೆ. ಪತ್ರ ಸರಿಹೋಗುತ್ತದೆ. ಕಲಿಕೆ ಆಗುವುದಿಲ್ಲ. ಏಕೆ ತಪ್ಪು ಎಂದು ಕೇಳುವ ಮೊದಲೇ ತಪ್ಪು ಮಾಯವಾಗಿರುತ್ತದೆ. ಪರೀಕ್ಷೆಯ ಹಾಲ್‌ನಲ್ಲಿ, ಸಂದರ್ಶನದ ಕೋಣೆಯಲ್ಲಿ ಆ ಸಹಾಯ ಸಿಗುವುದಿಲ್ಲ.

ನಮ್ಮ ಮಕ್ಕಳ ನೋಟ್‌ಬುಕ್ಕಿನಲ್ಲಿ ಪದಪಟ್ಟಿಗೆ ಎರಡೇ ಕಾಲಂ: ಪದ, ಅದರ ಅರ್ಥ. ಮೂರನೆಯದೊಂದನ್ನು ಎಳೆಸಿ ಎಂದು ಇಂಗ್ಲಿಷ್ ಕಲಿಸುವ ಎಲ್ಲ ಮೇಷ್ಟರಲ್ಲಿ, ಮೇಡಂಗಳಲ್ಲಿ ನನ್ನ ವಿನಂತಿ. ಅದರಲ್ಲಿ ನಿಘಂಟಿನ ಒಂದು ಉದಾಹರಣೆ ವಾಕ್ಯವನ್ನು ಇದ್ದದ್ದು ಇದ್ದಂತೆ ನಕಲು ಮಾಡಿಸಿ. ಆ ಸಾಲಿನಲ್ಲಿ ಪದದ ಮುಂದೆ ಏನು ಬಂದಿದೆಯೋ ಅದಕ್ಕೆ ಪೆನ್ಸಿಲಿನಿಂದ ಗೆರೆ ಎಳೆಸಿ.

'ಸ್ವಂತ ವಾಕ್ಯದಲ್ಲಿ ಬಳಸಿರಿ' ಎಂಬ ಪ್ರಶ್ನೆಯನ್ನೂ ಸ್ವಲ್ಪ ತಿದ್ದಬಹುದು. ಒಂದು ಪದವನ್ನು ಒಂಟಿಯಾಗಿ ಕೊಟ್ಟು ವಾಕ್ಯ ಕೇಳುವ ಬದಲು, ಸಜೆಸ್ಟ್ ಪದವಿರುವ ಮೂರು ವಾಕ್ಯಗಳನ್ನು ಕೊಡಿ. ಮೂರರಲ್ಲೂ ಆ ಪದದ ಮುಂದೆ ಏನಿದೆ ಎಂದು ಮಕ್ಕಳೇ ಕಂಡುಹಿಡಿಯಲಿ. ನಾಲ್ಕನೆಯದನ್ನು ತಮ್ಮ ಊರಿನ ಬಗ್ಗೆ, ತಮ್ಮ ಮನೆಯ ಬಗ್ಗೆ, ತಮಗೆ ನಿಜವಾಗಿ ಹೇಳಬೇಕೆನಿಸಿದ್ದರ ಬಗ್ಗೆ ಬರೆಯಲಿ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ, ಸ್ಮಾರ್ಟ್ ಬೋರ್ಡು ಬೇಡ. ಶಾಲೆಯ ಬೀರುವಿನಲ್ಲಿ ವಿದ್ಯಾರ್ಥಿಗಳಿಗಾಗಿಯೇ ಮಾಡಿದ ಒಂದು ಇಂಗ್ಲಿಷ್ ನಿಘಂಟು ಇರಬೇಕು, ಆ ಬೀರುವಿಗೆ ಬೀಗ ಇರಬಾರದು.